ಹೊಸದಾಗಿ ಬೈಕ್ ಹಿಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು 100ರಿಂದ 350 ಸಿ.ಸಿ.ವರೆಗಿನ ದಿನಬಳಕೆಯ ಗೇರ್ ಬೈಕ್‌ಗಳಿಗೆ, ನಮ್ಮ ರಸ್ತೆಗಳಿಗೆ ಸಂಬಂಧಿಸಿದವು. ಕೊಟ್ಟಿರುವ ಅಳತೆಗಳು ಸಾಮಾನ್ಯವಾಗಿ ಕಾಣುವಂಥವು. ನಿಮ್ಮ ಗಾಡಿಯ ನಿಖರ ಅಳತೆ ಅದರ ಜೊತೆ ಕೊಟ್ಟ ಪುಸ್ತಕದಲ್ಲಿದೆ. ಎರಡರ ನಡುವೆ ವ್ಯತ್ಯಾಸ ಬಂದರೆ ಪುಸ್ತಕವನ್ನೇ ನಂಬಿ.

## ಕಲಿಯುವ ದಿನಗಳು

ಸಿಗ್ನಲ್ ಬಿಟ್ಟ ತಕ್ಷಣ ಗಾಡಿ ಆಫ್ ಆಗುತ್ತೆ, ಹಿಂದಿನವರು ಒಂದೇ ಸಮ ಹಾರ್ನ್ ಹೊಡೀತಾರೆ. ಏನ್ ಮಾಡ್ಲಿ?

ಮೊದಲು ಗೇರ್ ನೋಡಿ. ಆತುರದಲ್ಲಿ ನಿಂತಾಗ ಗಾಡಿ ಎರಡನೇ ಅಥವಾ ಮೂರನೇ ಗೇರ್‌ನಲ್ಲೇ ಉಳಿದಿರುತ್ತದೆ. ಅರ್ಧ ತೊಂದರೆ ಅಲ್ಲೇ ಇರುತ್ತದೆ.

ಉಳಿದರ್ಧ ಕ್ಲಚ್‌ನದು. ಖಾಲಿ ಮೈದಾನದಲ್ಲಿ ಎಂಜಿನ್ ಬಿಸಿಯಾದ ಮೇಲೆ ಮೊದಲ ಗೇರ್ ಹಾಕಿ, ಎಕ್ಸಲೇಟರ್ ಮುಟ್ಟದೆ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಾ ಬನ್ನಿ. ಒಂದು ಕಡೆ ಎಂಜಿನ್ ಸದ್ದು ತುಸು ಇಳಿದು ಗಾಡಿ ಮುಂದಕ್ಕೆ ತೆವಳುತ್ತದೆ. ಕ್ಲಚ್ ಹಿಡಿಯುವ ಜಾಗ ಅದೇ. ಅಲ್ಲೇ ಎರಡು ಸೆಕೆಂಡ್ ಬೆರಳು ನಿಲ್ಲಿಸಿ, ಮತ್ತೆ ಒತ್ತಿ, ನಿಲ್ಲಿ. ಇದನ್ನು ಇಪ್ಪತ್ತು ಸಲ ಮಾಡಿದರೆ ಕೈಗೆ ಜಾಗ ಗೊತ್ತಾಗುತ್ತದೆ. ಆಮೇಲೆ ರಸ್ತೆಯಲ್ಲಿ ಆ ಜಾಗಕ್ಕೆ ಬಂದಾಗ ಸ್ವಲ್ಪ ಎಕ್ಸಲೇಟರ್ ಕೊಡಿ, ಗಾಡಿ ಒಂದು ಮಾರು ಸಾಗಿದ ಮೇಲೆ ಪೂರ್ತಿ ಬಿಡಿ.

ಕ್ಲಚ್ ಲಿವರ್‌ನ ತುದಿ 10ರಿಂದ 15 ಮಿ.ಮೀ. ಸಡಿಲವಾಗಿ ಆಡಬೇಕು. ಆಟವೇ ಇಲ್ಲದಿದ್ದರೆ ಕ್ಲಚ್ ಜಾರಿ ಪ್ಲೇಟ್ ಸವೆಯುತ್ತದೆ. ಜಾಸ್ತಿ ಇದ್ದರೆ ಕ್ಲಚ್ ಪೂರ್ತಿ ಒತ್ತಿದರೂ ಗಾಡಿ ಮುಂದಕ್ಕೆ ಎಳೆಯುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಎರಡನ್ನೂ ಕೇಬಲ್‌ನ ತುದಿಯ ನಟ್ ತಿರುಗಿಸಿ ಸರಿಮಾಡಬಹುದು.

ಅಪ್ಪನ ಗಾಡಿಗೂ ನನ್ನ ಗಾಡಿಗೂ ಗೇರ್ ಉಲ್ಟಾ ಇದೆ. ಯಾವುದು ಸರಿ?

ಎರಡೂ ಸರಿ. ಕೆಲವು 100 ಸಿ.ಸಿ. ಗಾಡಿಗಳಲ್ಲಿ ನಾಲ್ಕು ಗೇರೂ ಮುಂಗಾಲಿನಿಂದ ಕೆಳಕ್ಕೇ ಒತ್ತುವಂಥವು. ಉಳಿದ ಹೆಚ್ಚಿನವುಗಳಲ್ಲಿ ಒಂದನೆಯದು ಕೆಳಗೆ, ಮಿಕ್ಕವು ಮೇಲೆ. ಗಾಡಿ ಬದಲಿಸಿದ ದಿನ ನಿಂತಲ್ಲೇ ನಾಲ್ಕು ಸಲ ಗೇರ್ ಹಾಕಿ ನೋಡಿಯೇ ಹೊರಡಿ. ವೇಗದಲ್ಲಿದ್ದಾಗ ಮೇಲಿನ ಗೇರ್ ಎಂದುಕೊಂಡು ಕೆಳಗಿನದಕ್ಕೆ ಹಾಕಿದರೆ ಹಿಂದಿನ ಚಕ್ರ ಗಕ್ಕನೆ ಹಿಡಿದುಕೊಳ್ಳುತ್ತದೆ.

ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ ಅಂತಾರೆ. ನಿಜಾನಾ?

ಹೊಸಬರಿಗೆ ಕೊಡುವ ಸಲಹೆಗಳಲ್ಲಿ ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ, ಮುಂದಿನ ಟೈರ್ ರಸ್ತೆಗೆ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಎಷ್ಟು ಒತ್ತಿದರೂ ಅದು ಉಜ್ಜಿಕೊಂಡು ಅಡ್ಡ ಜಾರುವುದೇ ಹೊರತು ಗಾಡಿ ನಿಲ್ಲುವುದಿಲ್ಲ. ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಬ್ರೇಕಿನದೇ.

ಜನ ಬೀಳುವುದು ಅದನ್ನು ಗಕ್ಕನೆ ಹಿಡಿಯುವುದರಿಂದ, ಇಲ್ಲವೇ ಹ್ಯಾಂಡಲ್ ತಿರುಗಿರುವಾಗ ಹಿಡಿಯುವುದರಿಂದ. ನಿಂಬೆಹಣ್ಣು ಹಿಂಡುವ ಹಾಗೆ ಮೊದಲು ಮೃದುವಾಗಿ, ಆಮೇಲೆ ಬಿಗಿಯಾಗಿ ಹಿಡಿಯಬೇಕು. ಹ್ಯಾಂಡಲ್ ನೇರ ಇರಲಿ. ಜಲ್ಲಿ, ಮರಳು, ಕೆಸರಿನ ಮೇಲೆ ಮಾತ್ರ ಹಿಂದಿನ ಬ್ರೇಕಿಗೆ ಹೆಚ್ಚು ಕೆಲಸ ಕೊಡಿ.

2019ರ ಏಪ್ರಿಲ್‌ನಿಂದ ಮಾರಾಟವಾಗುವ ಹೊಸ ಗಾಡಿಗಳಲ್ಲಿ 125 ಸಿ.ಸಿ.ಗಿಂತ ಮೇಲಿನವಕ್ಕೆ ಎಬಿಎಸ್ (ಗಕ್ಕನೆ ಬ್ರೇಕ್ ಹಿಡಿದರೂ ಚಕ್ರ ತಿರುಗುವುದು ನಿಲ್ಲದಂತೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯವಾಯಿತು. ಅದಕ್ಕಿಂತ ಸಣ್ಣವಕ್ಕೆ ಎಬಿಎಸ್ ಇಲ್ಲವೇ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಇರಬೇಕೆಂದಾಯಿತು. ಎಷ್ಟೋ ಗಾಡಿಗಳಲ್ಲಿ ಎಬಿಎಸ್ ಮುಂದಿನ ಚಕ್ರಕ್ಕಷ್ಟೇ ಇರುತ್ತದೆ. ನಿಮ್ಮದು ಯಾವುದೆಂದು ತಿಳಿದಿರಿ.

ಏರಿನಲ್ಲಿ ನಿಂತರೆ ಹಿಂದಕ್ಕೆ ಜಾರುತ್ತೆ. ಕಾಲಲ್ಲಿ ಹಿಡಿಯೋಕಾಗಲ್ಲ.

ಹಿಡಿಯಬೇಕಾದ್ದು ಬಲಗಾಲಿನ ಬ್ರೇಕ್. ಎಡಗಾಲು ನೆಲದ ಮೇಲೆ, ಬಲಗಾಲು ಹಿಂದಿನ ಬ್ರೇಕ್ ಮೇಲೆ. ಕ್ಲಚ್ ಹಿಡಿಯುವ ಜಾಗಕ್ಕೆ ತಂದು ಸ್ವಲ್ಪ ಎಕ್ಸಲೇಟರ್ ಕೊಡಿ. ಗಾಡಿಯ ಹಿಂಭಾಗ ತುಸು ಕುಸಿದಂತೆ ಆಗುತ್ತದೆ. ಆಗ ಬ್ರೇಕ್ ಬಿಡಿ.

ನನ್ನ ಹತ್ರ ಸ್ಕೂಟರ್ ಲೈಸೆನ್ಸ್ ಇದೆ, ಬೈಕ್ ಓಡಿಸಬಹುದಾ?

ಗೇರ್ ಇಲ್ಲದ ದ್ವಿಚಕ್ರಕ್ಕೆ ಕೊಟ್ಟ ಲೈಸೆನ್ಸ್ ಗೇರ್ ಗಾಡಿಗೆ ನಡೆಯುವುದಿಲ್ಲ. ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಮಾಡಿಸಿ 30 ದಿನ ಕಳೆದ ಮೇಲೆ ಟೆಸ್ಟ್ ಕೊಟ್ಟು ಸೇರಿಸಿಕೊಳ್ಳಬೇಕು. ಎಲ್‌ಎಲ್‌ಆರ್ 6 ತಿಂಗಳು ಚಾಲ್ತಿಯಲ್ಲಿರುತ್ತದೆ. ಆ ಅವಧಿಯಲ್ಲಿ ಹಿಂದೆ ಕೂರಬಹುದಾದವರು ಲೈಸೆನ್ಸ್ ಇರುವ, ಕಲಿಸುವ ವ್ಯಕ್ತಿ ಮಾತ್ರ. ಗೆಳೆಯರನ್ನು ಕೂರಿಸಿಕೊಳ್ಳುವಂತಿಲ್ಲ. 18 ತುಂಬದ ಮಗನ ಕೈಗೆ ಬೈಕ್ ಕೊಟ್ಟರೆ ಮಾಲೀಕರಿಗೆ ಅಥವಾ ಪೋಷಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಎನ್ನುತ್ತದೆ 2019ರ ತಿದ್ದುಪಡಿ ಕಾಯ್ದೆ.

ನಿನ್ನೆ ರಾತ್ರಿ ಚೆನ್ನಾಗೇ ಇತ್ತು, ಬೆಳಿಗ್ಗೆ ಸ್ಟಾರ್ಟೇ ಆಗ್ತಿಲ್ಲ. ಮೆಕ್ಯಾನಿಕ್ ಕರೆಯೋದಾ?

ಕರೆಯುವ ಮೊದಲು ಬಲಗೈ ಹತ್ತಿರದ, ಎಂಜಿನ್ ಆಫ್ ಮಾಡುವ ಕೆಂಪು ಸ್ವಿಚ್ ನೋಡಿ. ಪಾರ್ಕಿಂಗ್‌ನಲ್ಲಿ ಆಡುವ ಮಕ್ಕಳಿಗೆ ಅದೆಂದರೆ ಬಲು ಪ್ರೀತಿ. ಆಮೇಲೆ ಸೈಡ್ ಸ್ಟ್ಯಾಂಡ್ ಎತ್ತಿ, ನ್ಯೂಟ್ರಲ್ ಮಾಡಿ, ಕ್ಲಚ್ ಒತ್ತಿ ಸೆಲ್ಫ್ ಹೊಡೆಯಿರಿ.

ಟಕ್ ಟಕ್ ಎಂದು ಮಾತ್ರ ಸದ್ದು ಬಂದು ಮೀಟರ್ ದೀಪ ಮಂಕಾದರೆ ಬ್ಯಾಟರಿ ಸೋತಿದೆ, ಅಥವಾ ಟರ್ಮಿನಲ್ ಸಡಿಲವಾಗಿದೆ. ಮೀಟರೇ ಹೊತ್ತದಿದ್ದರೆ ಫ್ಯೂಸ್ ನೋಡಿ. ಎಂಜಿನ್ ಜೋರಾಗಿ ತಿರುಗುತ್ತಿದೆ, ಹತ್ತುತ್ತಿಲ್ಲ ಎಂದಾದರೆ ಪೆಟ್ರೋಲ್ ಅಥವಾ ಪ್ಲಗ್. ಮಳೆಯ ಮರುದಿನವಾದರೆ ಪ್ಲಗ್ ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ ಹಾಕಿ. ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಕೀ ತಿರುಗಿಸಿದಾಗ ಟ್ಯಾಂಕ್ ಒಳಗಿಂದ ಎರಡು ಮೂರು ಸೆಕೆಂಡ್ ಗುಂಯ್ ಎನ್ನುವ ಸದ್ದು ಬರಬೇಕು. ಅದು ಮುಗಿದ ಮೇಲೆ ಸೆಲ್ಫ್ ಒತ್ತಿ. ಸೆಲ್ಫನ್ನು ಒಂದೇ ಸಲಕ್ಕೆ ಐದು ಸೆಕೆಂಡ್‌ಗಿಂತ ಹೆಚ್ಚು ಹಿಡಿಯಬೇಡಿ, ನಡುವೆ ಹತ್ತು ಸೆಕೆಂಡ್ ಬಿಡುವು ಕೊಡಿ.

## ರಸ್ತೆ, ಮಳೆ, ಘಾಟಿ

ಮಳೆಯಲ್ಲಿ ಎಲ್ಲೆಲ್ಲಿ ಜಾರುತ್ತೆ?

ಬೇಸಿಗೆಯ ನಂತರದ ಮೊದಲ ಮಳೆಯ ಮೊದಲ ಅರ್ಧ ಗಂಟೆಯೇ ಅತಿ ಅಪಾಯದ್ದು. ತಿಂಗಳುಗಟ್ಟಲೆ ರಸ್ತೆಗೆ ಸೋರಿದ ಆಯಿಲ್, ಕೂತ ಧೂಳು ಮೇಲೆದ್ದು ಲೋಳೆಯಾಗುತ್ತದೆ. ಆಗ ಬಸ್ ಸ್ಟಾಪಿನ ಸೂರಿನಡಿ ನಿಂತರೆ ಏನೂ ಕಳೆದುಕೊಳ್ಳುವುದಿಲ್ಲ. ಮಿಕ್ಕಂತೆ ಬಿಳಿ ಪಟ್ಟೆ, ಮ್ಯಾನ್‌ಹೋಲ್ ಮುಚ್ಚಳ, ಮೆಟ್ರೊ ಕಾಮಗಾರಿಯ ಕಬ್ಬಿಣದ ಹಲಗೆ, ಸಗಣಿ, ಉದುರಿದ ಹೂ ಎಲೆ ಇವುಗಳ ಮೇಲೆ ವಾಲಬೇಡಿ, ಬ್ರೇಕ್ ಹಿಡಿಯಬೇಡಿ, ನೇರವಾಗಿ ದಾಟಿ. ರೈಲು ಹಳಿಯನ್ನು ಅಡ್ಡಲಾಗಿ, ಆದಷ್ಟೂ ನೇರ ಕೋನದಲ್ಲಿ ದಾಟಬೇಕು.

ಅಂಡರ್‌ಪಾಸ್‌ನಲ್ಲಿ ನೀರು ನಿಂತಿದೆ. ಎಷ್ಟು ಆಳದವರೆಗೆ ಹೋಗಬಹುದು?

ಚಕ್ರದ ನಡುವಿನ ಆಕ್ಸಲ್ ಮುಳುಗುವಷ್ಟಿದ್ದರೆ ಹೋಗಲೇಬೇಡಿ. ನೀರಿನಡಿ ಗುಂಡಿಯೋ ತೆರೆದ ಚರಂಡಿಯೋ ಕಾಣುವುದಿಲ್ಲ. ಅದಕ್ಕಿಂತ ಕಡಿಮೆ ಇದ್ದರೆ ಮೊದಲ ಗೇರ್‌ನಲ್ಲಿ, ಎಕ್ಸಲೇಟರ್ ಬಿಡದೆ, ಒಂದೇ ನಿಧಾನದಲ್ಲಿ ಸಾಗಿ. ದಾಟಿದ ಮೇಲೆ ಬ್ರೇಕ್ ನಾಲ್ಕು ಸಲ ಲಘುವಾಗಿ ಹಿಡಿದು ಒಣಗಿಸಿ.

ನೀರಲ್ಲೇ ಆಫ್ ಆದರೆ ಸೆಲ್ಫ್ ಹೊಡೆಯಬೇಡಿ. ಏರ್ ಫಿಲ್ಟರ್ ಮೂಲಕ ಎಂಜಿನ್‌ಗೆ ನೀರು ನುಗ್ಗಿದ್ದರೆ, ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ, ಪಿಸ್ಟನ್ ಮೇಲೇರುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಐನೂರು ರೂಪಾಯಿಯಲ್ಲಿ ಮುಗಿಯುವುದು ಎಂಜಿನ್ ಬಿಚ್ಚುವ ಕೆಲಸವಾಗುತ್ತದೆ. ತಳ್ಳಿಕೊಂಡು ಹೊರಗೆ ತನ್ನಿ, ಪ್ಲಗ್ ಮತ್ತು ಏರ್ ಫಿಲ್ಟರ್ ಬಿಚ್ಚಿಸಿ ನೋಡಿಸಿ. ಎಂಜಿನ್ ಆಯಿಲ್ ಹಾಲು ಬೆರೆಸಿದ ಟೀ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ, ಬದಲಿಸಲೇಬೇಕು.

ಊರ ಕಡೆ ರಸ್ತೆ ಮೇಲೇ ಕಣ ಮಾಡಿರ್ತಾರಲ್ಲ, ಅದರ ಮೇಲೆ ಹೋಗಬಹುದಾ?

ಸುಗ್ಗಿಯಲ್ಲಿ ರಾಗಿ, ಹುರುಳಿ ತೆನೆ ಹರಡಿದ ರಸ್ತೆ ಕಾರಿನವರಿಗೆ ಬರೀ ಕಿರಿಕಿರಿ. ಬೈಕಿನವರಿಗೆ ಅದು ಗೋಲಿಗಳ ಮೇಲೆ ಹಾಸಿದ ಚಾಪೆ. ಹುರುಳಿ ಕಾಳು ಟೈರಿನಡಿ ಉರುಳುತ್ತದೆ, ಹುಲ್ಲು ಜಾರುತ್ತದೆ, ಅಡಿಯಲ್ಲಿರುವ ಹಂಪ್ ಕಾಣುವುದಿಲ್ಲ. ಹುಲ್ಲಿಗೆ ಮುಂಚೆಯೇ ವೇಗ ಇಳಿಸಿ, ಮುಂದೆ ಹೋದ ವಾಹನ ಬಿಟ್ಟ ಗಾಲಿ ಜಾಡಿನಲ್ಲಿ, ಎರಡನೇ ಗೇರ್‌ನಲ್ಲಿ, ಬ್ರೇಕ್ ಮುಟ್ಟದೆ ಹೋಗಿ. ಅಂಚಿನಲ್ಲಿ ಕಾಳು ಕಾಯಲು ಇಟ್ಟ ಕಲ್ಲುಗಳಿರುತ್ತವೆ, ಸಂಜೆಯಾದ ಮೇಲೆ ಅವೂ ಅಲ್ಲೇ ಉಳಿದಿರುತ್ತವೆ.

ಅಮ್ಮನ್ನ ಸೀರೆಯಲ್ಲಿ ಕೂರಿಸಿಕೊಂಡು ಹೋಗ್ತೀನಿ. ಏನು ನೋಡ್ಕೋಬೇಕು?

ಸೀರೆ ಗಾರ್ಡ್ ಬಿಚ್ಚಿಸಬೇಡಿ. ಹಿಂದಿನ ಚಕ್ರದ ಅರ್ಧಭಾಗವಾದರೂ ಮುಚ್ಚಿರಬೇಕು, ಹಿಡಿಕೆ ಮತ್ತು ಕಾಲಿಡುವ ಜಾಗ ಇರಬೇಕು ಎನ್ನುವುದು ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ಚೆಂದಕ್ಕೆಂದು ಅದನ್ನು ಕಿತ್ತಾಗ ಸೆರಗು ಕಡ್ಡಿಗೆ ಅಥವಾ ಚೈನ್‌ಗೆ ಸಿಕ್ಕಿಕೊಳ್ಳುತ್ತದೆ, ಹಿಂದೆ ಕೂತವರು ನೆಲಕ್ಕೆ ಬೀಳುತ್ತಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದುಪಟ್ಟಾ ಆದರೆ ಗಂಟು ಹಾಕಿ ಮುಂದಕ್ಕೆ ತಂದುಕೊಳ್ಳಲಿ. ಎರಡೂ ಕಡೆ ಕಾಲು ಹಾಕಿ ಕೂರಲು ಒಪ್ಪಿದರೆ ಇನ್ನೂ ಒಳ್ಳೆಯದು. ಒಂದೇ ಕಡೆ ಕೂತಾಗ ಭಾರ ಎಡಕ್ಕೆ ಎಳೆಯುತ್ತದೆ, ನಿಧಾನದ ತಿರುವಿನಲ್ಲಿ ಅದು ಗೊತ್ತಾಗುತ್ತದೆ. ಅವರಿಗೂ ಹೆಲ್ಮೆಟ್ ಬೇಕು.

4 ವರ್ಷದೊಳಗಿನ ಮಗುವಾದರೆ ಸವಾರನಿಗೆ ಕಟ್ಟುವ ಬೆಲ್ಟ್, ಮಗುವಿನ ಅಳತೆಯ ಹೆಲ್ಮೆಟ್ ಹಾಕಿ, ಗಂಟೆಗೆ 40 ಕಿ.ಮೀ. ಮೀರಬಾರದು. ಈ ನಿಯಮ 2023ರ ಫೆಬ್ರವರಿಯಿಂದ ಇದೆ.

ಆಗುಂಬೆ, ಚಾರ್ಮಾಡಿ ಇಳಿಯೋದು ಹ್ಯಾಗೆ ಮಾರಾಯ್ರೆ? ಬ್ರೇಕ್ ವಾಸನೆ ಬರ್ತದೆ.

ವಾಸನೆ ಬಂತೆಂದರೆ ಪ್ಯಾಡ್ ಕಾದು ಹಿಡಿತ ಬಿಡುವ ಹಂತಕ್ಕೆ ಬಂದಿದೆ. ಅಗಲ ಇರುವ ಕಡೆ ನಿಲ್ಲಿಸಿ ಕಾಲು ಗಂಟೆ ಆರಲು ಬಿಡಿ, ನೀರು ಮಾತ್ರ ಸುರಿಯಬೇಡಿ.

ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್. ಎರಡನೆಯದರಲ್ಲಿಟ್ಟು ಎಕ್ಸಲೇಟರ್ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ, ಬ್ರೇಕ್ ಬೇಕಾಗುವುದು ತಿರುವಿಗೆ ಮೊದಲಷ್ಟೇ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್ ಮಾಡುವವರ ಲೆಕ್ಕ ತಪ್ಪು. ಫ್ಯೂಯಲ್ ಇಂಜೆಕ್ಷನ್ ಗಾಡಿಯಲ್ಲಿ ಗೇರ್ ಇದ್ದು ಎಕ್ಸಲೇಟರ್ ಪೂರ್ತಿ ಬಿಟ್ಟಾಗ ಪೆಟ್ರೋಲ್ ಹೋಗುವುದು ಹೆಚ್ಚುಕಮ್ಮಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಎಂಜಿನ್ ಉರಿಯಲು ಪೆಟ್ರೋಲ್ ಬೇಕು.

ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ಎದುರಿನ ಬಸ್ಸಿಗೆ ತಿರುಗಲು ಇಡೀ ರಸ್ತೆ ಬೇಕು. ಹತ್ತಿ ಬರುವವರಿಗೆ ಇಳಿಯುವವರು ದಾರಿ ಬಿಡಬೇಕು. ತಿರುವಿಗೆ ಮೊದಲೇ ಹಾರ್ನ್ ಹಾಕಿ, ಸದ್ದು ಕೇಳಿದರೆ ಹಿಂದೆಯೇ ನಿಲ್ಲಿ. ಕಣ್ಣು ಪ್ರಪಾತದ ಕಡೆಗಲ್ಲ, ತಿರುವು ಮುಗಿಯುವ ಕಡೆಗಿರಲಿ. ನೋಡಿದ ಕಡೆಗೇ ಗಾಡಿ ಹೋಗುತ್ತದೆ.

ಬೈಕಿಗೆ ಬಿಡದ ರಸ್ತೆಗಳು ಯಾವುವು?

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಗುಂಡ್ಲುಪೇಟೆಯಿಂದ ಬಂಡೀಪುರ ಕಾಡಿನ ಮೂಲಕ ಊಟಿ ಮತ್ತು ವಯನಾಡಿನ ಕಡೆ ಹೋಗುವ ಎರಡೂ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತವೆ. ಇನ್ನೇನು ಗೇಟ್ ಮುಚ್ಚುತ್ತಾರೆಂದು ಕಾಡಿನೊಳಗೆ ಜೋರಾಗಿ ಓಡಿಸುವುದಕ್ಕಿಂತ ಗುಂಡ್ಲುಪೇಟೆಯಲ್ಲೇ ಉಳಿಯುವುದು ಮೇಲು.

## ಹೆಲ್ಮೆಟ್ ಮತ್ತು ಉಡುಪು

ಹೆಲ್ಮೆಟ್ ಸೈಜ್ ಸರಿ ಇದೆ ಅಂತ ಹೇಗೆ ಗೊತ್ತಾಗುತ್ತೆ?

ಹುಬ್ಬಿನಿಂದ ಒಂದು ಇಂಚು ಮೇಲೆ ದರ್ಜಿ ಟೇಪ್ ಸುತ್ತಿ ಅಳೆಯಿರಿ. ಬಂದ ಸೆಂಟಿಮೀಟರನ್ನು ಆ ಹೆಲ್ಮೆಟ್ಟಿನ ಪಟ್ಟಿಯೊಂದಿಗೆ ಹೋಲಿಸಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್ ಆಗಿರಬಹುದು. ಹಾಕಿಕೊಂಡು ತಲೆ ಅಲ್ಲಾಡಿಸಿದಾಗ ಕೆನ್ನೆಯ ಚರ್ಮವೂ ಜೊತೆಗೇ ಅಲ್ಲಾಡಬೇಕು. ಪಟ್ಟಿ ಬಿಗಿದು, ಹಿಂದಿನಿಂದ ಮೇಲಕ್ಕೆ ತಳ್ಳಿದರೆ ಕಳಚಬಾರದು. ಪಟ್ಟಿ ಮತ್ತು ಗದ್ದದ ನಡುವೆ ಎರಡು ಬೆರಳು ಹೋದರೆ ಸಾಕು. ಅಂಗಡಿಯಲ್ಲೇ ಹತ್ತು ನಿಮಿಷ ಹಾಕಿಕೊಂಡಿರಿ. ಹಣೆಯ ಒಂದೇ ಕಡೆ ನೋವಾದರೆ ಆ ಆಕಾರ ನಿಮ್ಮ ತಲೆಗಲ್ಲ.

2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ಅಪರಾಧ. ಗುರುತಿನ ಮೇಲೆ ಐಎಸ್ 4151, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ರಸ್ತೆ ಬದಿಯ ಇನ್ನೂರು ರೂಪಾಯಿಯ ತೊಪ್ಪಿ ಪೊಲೀಸರಿಂದ ಉಳಿಸೀತು, ನೆಲದಿಂದಲ್ಲ.

ಹೆಲ್ಮೆಟ್ ನಾರುತ್ತೆ, ವೈಸರ್ ಮಂಜು. ಹೇಗೆ ತೊಳೆಯೋದು?

ಒಳಗಿನ ಸ್ಪಂಜ್ ಬಟ್ಟೆ ಗುಂಡಿ ಹಾಕಿ ಕೂರಿಸಿದ್ದಾದರೆ ಬಿಚ್ಚಿ, ಬೆಚ್ಚಗಿನ ನೀರಿಗೆ ಬೇಬಿ ಶಾಂಪೂ ಹಾಕಿ ಅದ್ದಿ, ಹಿಂಡದೆ ಒತ್ತಿ ನೀರು ತೆಗೆದು ನೆರಳಲ್ಲಿ ಒಣಗಿಸಿ. ವೈಸರ್ ಮೇಲೆ ಒಣಗಿದ ಧೂಳು, ಹುಳು ಇದ್ದರೆ ಒದ್ದೆ ಬಟ್ಟೆಯನ್ನು ಐದು ನಿಮಿಷ ಮೇಲೆ ಹಾಕಿ ಮೆತ್ತಗಾದ ಮೇಲೆ ಒರೆಸಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಧೂಳೇ ಗೀರು ಹಾಕುತ್ತದೆ, ರಾತ್ರಿ ಎದುರಿನ ಲೈಟಿಗೆ ಆ ಗೀರುಗಳೆಲ್ಲ ಹೊಳೆಯುತ್ತವೆ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಯಾವುದೂ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಕಣ್ಣಿಗೆ ಕಾಣದಂತೆ ಬಿರಿಯುತ್ತದೆ. ಒಳಗಿನ ಥರ್ಮೋಕೋಲ್ ಒಂದು ಸಲ ಪೆಟ್ಟು ತಿಂದರೆ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ತಲೆಯಲ್ಲಿದ್ದಾಗ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ.

ಮಳೆಗೆ ಪೊಂಚೋ ಸಾಕಲ್ವಾ?

ಸಾಲದು. ಗಾಳಿಗೆ ಹಾರಿ ಚಕ್ರಕ್ಕೆ ಸಿಗುತ್ತದೆ, ಕನ್ನಡಿ ಮುಚ್ಚುತ್ತದೆ. ಪ್ಯಾಂಟು, ಕೋಟು ಬೇರೆ ಬೇರೆ ಇರುವ ಮಳೆಕೋಟು ತೆಗೆದುಕೊಳ್ಳಿ. ಮಲೆನಾಡಿನ ಮಳೆಗಾಲದಲ್ಲಿ ಜಾಕೆಟ್, ಗ್ಲೌಸ್ ಒದ್ದೆಯಾಗಿ ಮಡಚಿಟ್ಟರೆ ಮೂರೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಹಳೆ ಪೇಪರ್ ತುರುಕಿ, ಫ್ಯಾನ್ ಕೆಳಗೆ ಹರಡಿ. ಜಾಕೆಟ್ ತೊಳೆಯುವಾಗ ಮೊಣಕೈ, ಭುಜ, ಬೆನ್ನಿನ ಪ್ಯಾಡ್ ತೆಗೆದಿಟ್ಟು, ಮತ್ತೆ ಹಾಕುವಾಗ ಎಡಬಲ ನೋಡಿ ಹಾಕಿ.

## ಗಾಡಿಯ ಆರೈಕೆ

ಗಾಳಿ ಎಷ್ಟು ದಿನಕ್ಕೊಮ್ಮೆ, ಎಷ್ಟು?

ವಾರಕ್ಕೊಮ್ಮೆ, ಟೈರ್ ತಣ್ಣಗಿದ್ದಾಗ. ಸಣ್ಣ ಗಾಡಿಗಳಿಗೆ ಸಾಮಾನ್ಯವಾಗಿ ಮುಂದೆ 25 ಪಿಎಸ್‌ಐ, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 32. ನಿಮ್ಮ ಗಾಡಿಯದು ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರ್‌ನಲ್ಲಿದೆ. ಬಂಕ್ ಹುಡುಗ ಕೇಳದೆ 40 ಹೊಡೆದರೆ ಇಳಿಸಿ, ಮಳೆಯಲ್ಲಿ ಉಬ್ಬಿದ ಟೈರ್‌ಗೆ ಹಿಡಿತ ಕಡಿಮೆ.

ಚೈನ್ ಕಟಕಟ ಅನ್ನುತ್ತೆ. ಮನೆಯಲ್ಲೇ ಸರಿ ಮಾಡ್ಕೋಬಹುದಾ?

ಮಾಡಿಕೊಳ್ಳಬಹುದು, ಮಾಡಿಕೊಳ್ಳಬೇಕು. ಹೊಸ ಸವಾರರು ಕಲಿಯಬೇಕಾದ ಮೊದಲ ಕೆಲಸ ಇದೇ. ತೆರೆದ ಚೈನ್‌ಗೆ 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಅಂದೇ ಸಂಜೆ ಉಜ್ಜಿ ಆಯಿಲ್ ಹಾಕಬೇಕು.

ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಎಂಜಿನ್ ಚಾಲೂ ಇಟ್ಟು ಗೇರ್‌ನಲ್ಲಿ ತಿರುಗಿಸಿ ಬಟ್ಟೆ ಹಿಡಿದವರು ಬೆರಳು ಕಳೆದುಕೊಂಡಿದ್ದಾರೆ. ಹಳೆ ಹಲ್ಲುಜ್ಜುವ ಬ್ರಷ್ ಸೀಮೆಎಣ್ಣೆಗೆ ಅದ್ದಿ ಉಜ್ಜಿ, ಬನಿಯನ್ ಬಟ್ಟೆಯಲ್ಲಿ ಒರೆಸಿ, ಹದಿನೈದು ನಿಮಿಷ ಆರಲು ಬಿಡಿ. ಪೆಟ್ರೋಲ್, ತಂತಿ ಬ್ರಷ್ ಬೇಡ, ಒಳಗಿನ ರಬ್ಬರ್ ಉಂಗುರಗಳು ಹಾಳಾಗುತ್ತವೆ. ಆಮೇಲೆ 90 ನಂಬರ್ ಗೇರ್ ಆಯಿಲನ್ನು ಕೆಳಗಿನ ಚೈನಿನ ಒಳಮೈಗೆ ಹನಿಹನಿಯಾಗಿ ಬಿಡಿ. ಚಕ್ರ ತಿರುಗುವಾಗ ಅದು ತಾನಾಗಿ ಹೊರಮೈಗೆ ಹರಿಯುತ್ತದೆ. ಹೆಚ್ಚಾದದ್ದನ್ನು ಒರೆಸಿ, ರಾತ್ರಿಯಿಡೀ ಬಿಡಿ. ಗ್ರೀಸ್ ಮೆತ್ತಿದರೆ ಒಳಗೆ ಇಳಿಯುವುದಿಲ್ಲ, ಧೂಳನ್ನಷ್ಟೇ ಕೂಡಿಸುತ್ತದೆ. ತೆಗೆದ ಹಳೆ ಎಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿ ಇರುತ್ತದೆ, ಅದೂ ಬೇಡ.

ಕೆಳಗಿನ ಚೈನಿನ ನಡುಭಾಗ ಮೇಲೆ ಕೆಳಗೆ 20ರಿಂದ 30 ಮಿ.ಮೀ. ಆಡಬೇಕು. ಚಕ್ರ ತಿರುಗಿಸಿ ನಾಲ್ಕು ಕಡೆ ಅಳೆದು, ಎಲ್ಲಕ್ಕಿಂತ ಬಿಗಿಯಾದ ಜಾಗದ ಲೆಕ್ಕ ಹಿಡಿಯಿರಿ. ಸಡಿಲವಾದರೆ ಸದ್ದು, ತೀರಾ ಸಡಿಲವಾದರೆ ಕಳಚಿ ಚಕ್ರ ಹಿಡಿದುಕೊಳ್ಳುತ್ತದೆ. ಬಿಗಿ ಮಾಡಿದರೆ ಗುಂಡಿಗೆ ಇಳಿದಾಗಲೆಲ್ಲ ಗೇರ್‌ಬಾಕ್ಸಿನ ಬೇರಿಂಗ್ ಎಳೆದುಕೊಳ್ಳುತ್ತದೆ. ಬಿಗಿಯಾದ ಚೈನ್ ಸಡಿಲ ಚೈನಿಗಿಂತ ದುಬಾರಿ.

ಸರಿಮಾಡಲು ಆಕ್ಸಲ್ ನಟ್ ಸಡಿಲಿಸಿ, ಎರಡೂ ಕಡೆಯ ಅಡ್ಜಸ್ಟರ್ ಕಾಲು ಸುತ್ತಿನಂತೆ ಸಮನಾಗಿ ತಿರುಗಿಸಿ. ಎರಡೂ ಬದಿಯ ಗೆರೆಗಳು ಒಂದೇ ಆಗಿರಲಿ, ಇಲ್ಲದಿದ್ದರೆ ಚಕ್ರ ಓರೆಯಾಗುತ್ತದೆ. ನಟ್ ಬಿಗಿದು, ಪಿನ್ ಇದ್ದರೆ ಹೊಸದು ಹಾಕಿ. ಇಲ್ಲಿ ಹೆಚ್ಚಿನವರು ಒಂದು ವಿಷಯ ಮರೆಯುತ್ತಾರೆ. ಡ್ರಮ್ ಬ್ರೇಕ್ ಗಾಡಿಯಲ್ಲಿ ಚಕ್ರ ಹಿಂದಕ್ಕೆ ಸರಿದಾಗ ಬ್ರೇಕ್ ರಾಡ್ ಕೂಡ ಬಿಗಿಯಾಗುತ್ತದೆ. ಪೆಡಲ್ ಆಟ ಮತ್ತೆ ಸರಿಮಾಡಿ, ಚಕ್ರ ಹಗುರಾಗಿ ತಿರುಗುತ್ತದೆಯೇ ನೋಡಿ. ಚೈನಿನ ಎರಡು ತುದಿ ಜೋಡಿಸುವ ಕೊಂಡಿ ಬಿಚ್ಚಿದ್ದರೆ ಅದರ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು.

ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಹಲ್ಲು ಕೊಕ್ಕೆಯಂತೆ ಬಾಗಿದ್ದರೆ ಚೈನ್, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ. ಹಳೆ ಹಲ್ಲಿನ ಮೇಲೆ ಹೊಸ ಚೈನ್ ಹಾಕಿದರೆ ಅದೂ ಬೇಗ ಸವೆಯುತ್ತದೆ.

ಕಾರಿನ ಆಯಿಲ್ ಉಳಿದಿದೆ, ಬೈಕಿಗೆ ಹಾಕ್ಲಾ?

ಬೇಡ. ಬೈಕಿನ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಕಾರಿನ ಹಲವು ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ಅಂಶ ಇರುವುದರಿಂದ ಕ್ಲಚ್ ಜಾರುತ್ತದೆ: ಎಂಜಿನ್ ಕಿರುಚುತ್ತದೆ, ಗಾಡಿ ಓಡುವುದಿಲ್ಲ. ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಇಂಥ ಕ್ಲಚ್‌ಗೆ ಹೊಂದುವ ಆಯಿಲ್‌ನ ಗುರುತು) ಎಂದಿರಬೇಕು. 10ಡಬ್ಲ್ಯು-30 ತರಹದ ದರ್ಜೆ ಪುಸ್ತಕದಲ್ಲಿದ್ದಂತೆಯೇ ಇರಲಿ.

ಪ್ರೆಶರ್ ವಾಶ್ ಮಾಡಿಸಿದ ಮೇಲೆ ಹ್ಯಾಂಡಲ್ ಬಿಗಿಯಾಯ್ತು. ಸಂಬಂಧ ಇದೆಯಾ?

ಇರಬಹುದು. ಜೋರು ನೀರು ಕೋನ್ ಸೆಟ್ಟಿನ (ಹ್ಯಾಂಡಲ್ ತಿರುಗುವ ಕುತ್ತಿಗೆಯ ಬೇರಿಂಗ್) ಗ್ರೀಸ್ ತೊಳೆದು ತುಕ್ಕು ಹಿಡಿಸುತ್ತದೆ. ಹ್ಯಾಂಡಲ್ ಕುತ್ತಿಗೆ, ಚಕ್ರದ ಬೇರಿಂಗ್, ಸ್ವಿಚ್, ಸೈಲೆನ್ಸರ್ ಬಾಯಿ ಈ ನಾಲ್ಕಕ್ಕೆ ನೇರ ಹೊಡೆಯಬೇಡಿ ಎಂದು ಮೊದಲೇ ಹೇಳಿ. ಡಿಸ್ಕ್ ಮೇಲೆ ಪಾಲಿಶ್ ಸ್ಪ್ರೇ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ.

## ಸ್ವಲ್ಪ ಪಳಗಿದ ಮೇಲೆ

ಗಾಡಿ ಹಿಂದ ಒಬ್ರು ಕುಂತ್ರ, 70 ದಾಟಿದ್ರ ಹ್ಯಾಂಡಲ್ ಗಡಗಡ ಅಂತದ. ಯಾಕ್ರಿ?

ಅಗ್ಗದ ಕಾರಣದಿಂದ ಶುರುಮಾಡಿ. ಹಿಂದಿನ ಟೈರಿನ ಗಾಳಿ ಕಡಿಮೆಯೇ? ಹಿಂದೆ ಭಾರದ ಬಾಕ್ಸ್ ಕಟ್ಟಿದ್ದೀರಾ? ಹಿಂಭಾರ ಹೆಚ್ಚಾದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ. ಮುಂದಿನ ಚಕ್ರ ಎತ್ತಿಸಿ, ಫೋರ್ಕಿನ (ಆ ಚಕ್ರ ಹಿಡಿದಿರುವ ಎರಡು ಕೊಳವೆ) ಕೆಳತುದಿ ಹಿಡಿದು ಮುಂದೆ ಹಿಂದೆ ಆಡಿಸಿ. ಟಕ್ ಎಂದರೆ ಕೋನ್ ಸೆಟ್ ಸಡಿಲ. ಹ್ಯಾಂಡಲ್ ಮೆಲ್ಲಗೆ ತಿರುಗಿಸುವಾಗ ನಡುವೆ ಒಂದು ಗುಳಿಗೆ ಬಿದ್ದಂತೆ ನಿಂತರೆ ಅದು ಸವೆದಿದೆ, ಬದಲಿಸಬೇಕು. ಚಕ್ರವನ್ನೇ ಪಕ್ಕಕ್ಕೆ ಅಲ್ಲಾಡಿಸಿದಾಗ ಆಡಿದರೆ ಬೇರಿಂಗ್ ಹೋಗಿದೆ. ಓಡುತ್ತಿರುವಾಗ ನಡುಕ ಬಂದರೆ ಹ್ಯಾಂಡಲ್ ಗಟ್ಟಿ ಹಿಡಿಯದೆ, ಬ್ರೇಕ್ ಒತ್ತದೆ, ಎಕ್ಸಲೇಟರ್ ಮೆಲ್ಲಗೆ ಇಳಿಸಿ.

ಹೊಸ ಬ್ಯಾಟರಿ ಹಾಕಿದೆ, ತಿಂಗಳಲ್ಲೇ ಸತ್ತಿತು. ಬ್ಯಾಟರಿ ಡೂಪ್ಲಿಕೇಟಾ?

ಆಗಿರಲೂಬಹುದು. ಆದರೆ ಅಂಗಡಿಯವನ ಜೊತೆ ಜಗಳಕ್ಕೆ ಮೊದಲು ಮಲ್ಟಿಮೀಟರ್ ಹಿಡಿಯಿರಿ. ರಾತ್ರಿ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.5 ವೋಲ್ಟ್ ಆಸುಪಾಸು ತೋರಬೇಕು. ಎಂಜಿನ್ ಹೊತ್ತಿಸಿ ಸ್ವಲ್ಪ ಎಕ್ಸಲೇಟರ್ ಕೊಟ್ಟಾಗ 13.5ರಿಂದ 14.5ರ ನಡುವೆ ಏರಬೇಕು. ಏರದಿದ್ದರೆ ಚಾರ್ಜೇ ಆಗುತ್ತಿಲ್ಲ, 15 ದಾಟಿದರೆ ಅತಿಯಾಗಿ ಆಗುತ್ತಿದೆ. ಎರಡಕ್ಕೂ ಮೊದಲು ಅನುಮಾನಿಸಬೇಕಾದ್ದು ಬ್ಯಾಟರಿಗೆ ಹೋಗುವ ಚಾರ್ಜನ್ನು ಹದದಲ್ಲಿಡುವ ರೆಗ್ಯುಲೇಟರ್ ಮತ್ತು ಅದರ ವೈರಿನ ಕನೆಕ್ಟರ್. ಇವೆಲ್ಲ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ, ಆಮೇಲೆ ಹಾಕಿಸಿದ ಫಾಗ್ ಲೈಟ್, ಅಲಾರಂ, ಮೊಬೈಲ್ ಚಾರ್ಜರ್ ವೈರುಗಳನ್ನು ಒಂದೊಂದಾಗಿ ಕಳಚಿ ರಾತ್ರಿ ಬಿಟ್ಟು ನೋಡಿ. ಅವುಗಳಲ್ಲಿ ಯಾವುದೋ ಒಂದು ಕೀ ತೆಗೆದ ಮೇಲೂ ಕರೆಂಟ್ ಎಳೆಯುತ್ತಿರುತ್ತದೆ.